ಅಪ್ರಮಾದ: ಸಂಕಟದ ಕ್ಷಣವೂ ನಿತ್ಯದ ಎಚ್ಚರವೂ

ಹಿಂಸೆಯೆಂದರೆ ಪ್ರಾಣಹರಣವಷ್ಟೇ ಎಂದು ಲೋಕವು ತಿಳಿದಿದೆ. ನಮ್ಮ ಆಚಾರ್ಯರ ದೃಷ್ಟಿ ಇದಕ್ಕಿಂತ ಸೂಕ್ಷ್ಮವಾದುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಮೊದಲಿಗೆ ಪ್ರಮಾದವನ್ನು ಹೇಳಿ, ಅನಂತರ ಪ್ರಾಣಘಾತವನ್ನು ಹೇಳುತ್ತಾರೆ. ಜೀವಿ ಸಾಯಲಿ, ಬದುಕಲಿ, ಎಚ್ಚರಗೇಡಿಯಾಗಿ ನಡೆಯುವವನಿಗೆ ಹಿಂಸೆಯ ದೋಷವು ನಿಶ್ಚಿತವೆಂಬುದು ಪ್ರವಚನಸಾರದಲ್ಲಿ ಕುಂದಕುಂದಾಚಾರ್ಯರ ನಿಲುವು. ಪ್ರಮಾದಗಳು ಹದಿನೈದು. ಅವುಗಳಲ್ಲಿ ನಿದ್ರೆ ಒಂದು, ವಿಕಥೆಗಳು ನಾಲ್ಕು, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳೂ ನಾಲ್ಕು. ಅಂದಮೇಲೆ ಕಣ್ಣು ತೆರೆದಿದ್ದವನೂ ಪ್ರಮತ್ತನಾಗಿರಬಹುದು.

ಈ ವಿಚಾರವು ಮುನಿಗಳ ಸಮಿತಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ನಾವು ಪಕ್ಕಕ್ಕಿಟ್ಟಿದ್ದೇವೆ. ಆದರೆ ನಮ್ಮ ಮನೆಗಳ ಮಕ್ಕಳು ಇಂದು ಕಾರ್ಖಾನೆ, ಆಸ್ಪತ್ರೆ, ಕಚೇರಿಗಳಲ್ಲಿ ನೌಕರರಾಗಿದ್ದಾರೆ. ಸಂಕಟದ ಗಳಿಗೆಯಲ್ಲಿ ಚಿತ್ತವನ್ನು ಸ್ಥಿರವಾಗಿಡುವ ವಿದ್ಯೆಯನ್ನು ಅನೇಕ ಸಂಸ್ಥೆಗಳು ಶಿಬಿರ ನಡೆಸಿ ಕಲಿಸುತ್ತಿವೆ. ಆ ಸ್ಥೈರ್ಯವು ಎಲ್ಲಿಂದ ಬರುತ್ತದೆ? ವಿಮಾನಯಾನದ ಇತಿಹಾಸದಲ್ಲಿ ವಿವರವಾಗಿ ತನಿಖೆಗೊಂಡ ಎರಡು ಘಟನೆಗಳು ಈ ಪ್ರಶ್ನೆಗೆ ಬೆಳಕು ನೀಡುತ್ತವೆ.

ಮೊದಲನೆಯದು 1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ದ್ವೀಪದಲ್ಲಿ ನಡೆದುದು. ನೆರೆಯ ದ್ವೀಪದ ವಿಮಾನ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ಹಲವು ವಿಮಾನಗಳನ್ನು ಇಲ್ಲಿಗೆ ಕಳುಹಿಸಲಾಗಿತ್ತು. ನಿಲ್ದಾಣ ಕಿಕ್ಕಿರಿದಿತ್ತು, ಮಂಜು ದಟ್ಟವಾಗಿ ಕವಿದಿತ್ತು. ಡಚ್ ವಿಮಾನವೊಂದು ರನ್‌ವೇಯ ತುದಿಯಲ್ಲಿ ಹೊರಡಲು ನಿಂತಿತ್ತು. ಅಮೆರಿಕದ ವಿಮಾನವೊಂದು ಅದೇ ರನ್‌ವೇಯ ಮೇಲೆ ಇನ್ನೂ ಚಲಿಸುತ್ತಿತ್ತು. ಒಂದು ಇನ್ನೊಂದಕ್ಕೆ ಕಾಣುವಂತಿರಲಿಲ್ಲ. ಡಚ್ ವಿಮಾನದ ಕ್ಯಾಪ್ಟನ್ ತಮ್ಮ ಸಂಸ್ಥೆಯಲ್ಲಿ ಇತರ ಪೈಲಟ್‌ಗಳಿಗೆ ಶಿಕ್ಷಣ ನೀಡುತ್ತಿದ್ದ ಹಿರಿಯರು. ನಿಯಂತ್ರಣ ಗೋಪುರದ ಅನುಮತಿ ದೊರೆಯುವ ಮೊದಲೇ ಅವರು ವಿಮಾನವನ್ನು ಓಡಿಸತೊಡಗಿದರು. ಹಿಂದೆ ಕುಳಿತಿದ್ದ ಫ್ಲೈಟ್ ಇಂಜಿನಿಯರ್‌ಗೆ ಸಂಶಯ ಬಂದಿತು. ಆ ಇನ್ನೊಂದು ವಿಮಾನ ದಾರಿ ಬಿಟ್ಟಿಲ್ಲವೇ ಎಂದು ಅವರು ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಚಿತವಾಗಿ ಉತ್ತರಿಸಿದರು. ಕಿರಿಯರು ಮತ್ತೆ ಕೇಳಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಎರಡು ವಿಮಾನಗಳೂ ಡಿಕ್ಕಿ ಹೊಡೆದು 583 ಮಂದಿ ಮಡಿದರು.

ಮಂಜು, ರೇಡಿಯೋ ಸಂಭಾಷಣೆಯ ಅಸ್ಪಷ್ಟತೆ, ಕೆಲಸದ ಅವಧಿ ಮೀರುವುದೆಂಬ ಆತುರ ಇವೆಲ್ಲವೂ ತನಿಖೆಯಲ್ಲಿ ಚರ್ಚೆಗೆ ಬಂದವು. ತೀರಿಹೋದವರ ಅಂತರಂಗವನ್ನು ತೀರ್ಮಾನಿಸುವುದು ನಮಗೆ ಸಲ್ಲದು. ಆದರೆ ಹಿರಿಯನ ನಿಶ್ಚಯದ ಮುಂದೆ ಕಿರಿಯನ ಸಂಶಯ ಮೌನವಾದುದು ನಿಜ. ಹಿತವೂ ಮಿತವೂ ಅಸಂದಿಗ್ಧವೂ ಆದ ಮಾತನ್ನು ನಮ್ಮ ಶಾಸ್ತ್ರಕಾರರು ಭಾಷಾಸಮಿತಿಯೆಂದರು. ಅಂದು ಆಡಿದ ಮಾತು ಸಂದಿಗ್ಧವಾಗಿತ್ತು. ಆಡಬೇಕಾಗಿದ್ದ ಮಾತು ಗಂಟಲಲ್ಲೇ ಉಳಿಯಿತು.

ಈ ದುರಂತದ ತರುವಾಯ ವಿಮಾನಯಾನದವರು ಸಂಭಾಷಣೆಯ ಪದಗಳನ್ನೇ ತಿದ್ದಿದರು. 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಏರ್ಪಡಿಸಿದ ವಿಚಾರಗೋಷ್ಠಿಯಿಂದ ಹೊಸದೊಂದು ಶಿಕ್ಷಣಕ್ರಮವು ಮೂಡಿತು. ಕಿರಿಯನು ಸಂಶಯವನ್ನು ಬಾಯಿಬಿಟ್ಟು ಹೇಳಬೇಕು, ಹಿರಿಯನು ಅದನ್ನು ಕಿವಿಗೊಟ್ಟು ಕೇಳಬೇಕು ಎಂಬುದೇ ಅದರ ಸಾರ. ಯುನೈಟೆಡ್ ಸಂಸ್ಥೆಯು 1981ರಲ್ಲಿ ಈ ಶಿಕ್ಷಣವನ್ನು ತನ್ನ ಪೈಲಟ್‌ಗಳಿಗೆ ನೀಡತೊಡಗಿತು.

ಅದರ ಫಲವು 1989ರ ಜುಲೈ 19ರಂದು ಕಂಡಿತು. ಡೆನ್ವರ್‌ನಿಂದ ಶಿಕಾಗೋಗೆ ಹೊರಟಿದ್ದ ಅದೇ ಸಂಸ್ಥೆಯ ವಿಮಾನದಲ್ಲಿ 296 ಜನರಿದ್ದರು. ಆಕಾಶದಲ್ಲಿದ್ದಾಗಲೇ ಬಾಲದ ಇಂಜಿನ್ ಒಡೆದು, ವಿಮಾನವನ್ನು ತಿರುಗಿಸುವ ಮೂರು ಹೈಡ್ರಾಲಿಕ್ ವ್ಯವಸ್ಥೆಗಳೂ ಒಮ್ಮೆಲೇ ನಷ್ಟವಾದವು. ಇಂತಹ ಸ್ಥಿತಿಗೆ ಯಾವ ಕೈಪಿಡಿಯಲ್ಲೂ ಪರಿಹಾರವಿರಲಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್ ತಮಗೆ ಎಲ್ಲವೂ ತಿಳಿದಿದೆಯೆಂದು ನಟಿಸಲಿಲ್ಲ. ಪ್ರಯಾಣಿಕರ ನಡುವೆ ಕುಳಿತಿದ್ದ ಶಿಕ್ಷಕ ಪೈಲಟ್ ಡೆನಿಸ್ ಫಿಚ್ ನೆರವಾಗಲು ಮುಂದೆ ಬಂದಾಗ ಅವರಿಗೆ ಎಡೆಮಾಡಿಕೊಟ್ಟರು. ಉಳಿದ ಎರಡು ಇಂಜಿನ್‌ಗಳ ವೇಗವನ್ನು ಹೆಚ್ಚುಕಡಿಮೆ ಮಾಡುತ್ತಾ, ಸುಮಾರು 44 ನಿಮಿಷಗಳ ಕಾಲ ನಾಲ್ವರೂ ಒಂದೇ ಚಿತ್ತದಿಂದ ದುಡಿದು, ವಿಮಾನವನ್ನು ಸೂ ಸಿಟಿ ನಿಲ್ದಾಣದವರೆಗೆ ತಂದರು. ನೆಲ ಮುಟ್ಟುವಾಗ ವಿಮಾನ ಒಡೆದು 112 ಮಂದಿ ಅಸುನೀಗಿದರು. 184 ಮಂದಿ ಬದುಕಿದರು. ಹೇನ್ಸ್ ಅವರು ಮುಂದೆ ತಮ್ಮ ಉಪನ್ಯಾಸಗಳಲ್ಲಿ ಇದರ ಶ್ರೇಯಸ್ಸನ್ನು ತಮ್ಮ ಜೊತೆಗಾರರಿಗೂ ಆ ಶಿಕ್ಷಣಕ್ಕೂ ಸಲ್ಲಿಸಿದರು.

ಇಲ್ಲಿಗೆ ಕಥೆ ಮುಗಿಯುವುದಿಲ್ಲ. ಇಂಜಿನ್ ಒಡೆದುದೇಕೆ? ಅದರ ಟೈಟೇನಿಯಂ ಚಕ್ರದಲ್ಲಿ ತಯಾರಿಕೆಯ ಕಾಲದಲ್ಲೇ ಸಣ್ಣದೊಂದು ದೋಷವಿತ್ತು. ಅದರಿಂದ ಹುಟ್ಟಿದ ಬಿರುಕು ವರ್ಷವರ್ಷಕ್ಕೂ ಬೆಳೆಯಿತು. ಸಂಸ್ಥೆಯ ಕಾರ್ಯಾಗಾರದ ಪರಿಶೀಲನೆಯಲ್ಲಿ ಅದು ಕಣ್ಣಿಗೆ ಬೀಳಲಿಲ್ಲ. ಮನುಷ್ಯನ ಗಮನಕ್ಕಿರುವ ಮಿತಿಯನ್ನು ಪರಿಶೀಲನೆಯ ಕ್ರಮದಲ್ಲಿ ಸಾಕಷ್ಟು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವೆಂದು ತನಿಖೆ ಹೇಳಿತು. ಆ ಪರಿಶೀಲನೆಯ ದಿನ ಯಾವ ಸಂಕಟವೂ ಇರಲಿಲ್ಲ, ಯಾರ ಎದೆಯೂ ನಡುಗಿರಲಿಲ್ಲ. ಎಲ್ಲ ದಿನಗಳಂತೆ ಅದೂ ಒಂದು ಕೆಲಸದ ದಿನ. 112 ಜೀವಗಳ ಪ್ರಶ್ನೆ ಅಲ್ಲಿಯೇ ಅಡಗಿತ್ತು. ಯಾವ ವಸ್ತುವನ್ನಾದರೂ ನೋಡಿ, ಪರೀಕ್ಷಿಸಿ, ಆಮೇಲೆ ಎತ್ತಬೇಕು, ಇಡಬೇಕು ಎಂಬ ಆದಾನನಿಕ್ಷೇಪಣ ಸಮಿತಿಯನ್ನು ನಮ್ಮ ಪೂರ್ವಿಕರು ವ್ರತದ ಮಟ್ಟಕ್ಕೆ ಏರಿಸಿದುದೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸಂಕಟದಲ್ಲಿ ತೋರುವ ಧೈರ್ಯವನ್ನು ಲೋಕವು ಹಾಡಿಹೊಗಳುತ್ತದೆ. ಸಂಕಟವೇ ಬಾರದಂತೆ ಕಾಯ್ದ ಎಚ್ಚರವನ್ನು ಯಾರೂ ಕಾಣುವುದಿಲ್ಲ.

ಪ್ರಮಾದ ನಡೆದ ಮೇಲೆ ಮಾಡಬೇಕಾದುದೇನು? ಆಲೋಚನೆ, ಪ್ರತಿಕ್ರಮಣಗಳೆಂದು ನಮ್ಮ ಧರ್ಮ ಹೇಳುತ್ತದೆ. ತನ್ನ ದೋಷವನ್ನು ತಾನೇ ಗುರುತಿಸಿ, ಮುಚ್ಚುಮರೆಯಿಲ್ಲದೆ ಗುರುವಿನ ಮುಂದೆ ನಿವೇದಿಸಿಕೊಳ್ಳುವುದು ಆಲೋಚನೆ. ಅಮೆರಿಕದಲ್ಲಿ 1976ರಿಂದ ಪೈಲಟ್‌ಗಳೂ ಇತರ ನೌಕರರೂ ತಮ್ಮ ತಪ್ಪುಗಳನ್ನು ಗೋಪ್ಯವಾಗಿ ವರದಿ ಮಾಡುವ ವ್ಯವಸ್ಥೆಯೊಂದಿದೆ. ತಪ್ಪೊಪ್ಪಿಕೊಂಡವನನ್ನು ಹಳಿಯುವುದು ಅದರ ಗುರಿಯಲ್ಲ, ಮುಂದಿನವನು ಎಡವದಂತೆ ನೋಡಿಕೊಳ್ಳುವುದು. ದಂಡದ ಭಯವಿರುವಲ್ಲಿ ಪ್ರತಿಕ್ರಮಣವು ಬಾಯಿಪಾಠವಾಗುತ್ತದೆ, ದೋಷವು ಒಳಗೇ ಬೆಳೆಯುತ್ತದೆ.

ನಮ್ಮ ಬಸದಿಗಳ ಆಡಳಿತ ಮಂಡಳಿಗಳೂ ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಉತ್ಸವದ ದಿನ ಸಾವಿರಾರು ಜನ ಸೇರುತ್ತಾರೆ. ಅಭಿಷೇಕದ ಅಟ್ಟಣಿಗೆಯ ಕಟ್ಟು ಸಡಿಲವಾಗಿದೆಯೆಂದು ಮೊದಲು ಕಾಣುವುದು ಕೂಲಿಯವನಿಗೆ. ಅಡುಗೆಮನೆಯಲ್ಲಿ ಗ್ಯಾಸಿನ ವಾಸನೆ ಮೊದಲು ಬರುವುದು ಅಡುಗೆಯವನಿಗೆ. ಅವರು ಧರ್ಮದರ್ಶಿಗಳ ಬಳಿ ಬಂದು ಹೇಳಬಲ್ಲರೇ? ಹೇಳಿದರೆ ನಾವು ಕೇಳುತ್ತೇವೆಯೇ, ಅಥವಾ ಪೂಜೆಯ ಮುಹೂರ್ತ ಮೀರುತ್ತದೆಂದು ಗದರಿಸಿ ಕಳುಹಿಸುತ್ತೇವೆಯೇ? ನೀರನ್ನು ಸೋಸಿ ಕುಡಿಯುವ ನಾವು, ನಮ್ಮಲ್ಲಿ ದುಡಿಯುವವನ ಒಂದು ಸಂಶಯವನ್ನು ನಿಂತು ಕೇಳದಿದ್ದರೆ, ಅದೂ ಪ್ರಮಾದವೇ ಸರಿ. ಅಂದು ಯಾವ ಜೀವಕ್ಕೂ ಹಾನಿಯಾಗದೆ ಉತ್ಸವ ಮುಗಿದರೂ ಆ ದೋಷ ನಮ್ಮನ್ನು ಬಿಡುವುದಿಲ್ಲ.