ಅತಿಥಿ ಮಾಸ್ತರರ ಲೆಕ್ಕ

ನಮ್ಮ ಮಾವಳ್ಳಿ ಸೀಮೆಯ ಮಾಸ್ತರರಿಗೆ ಧಣಿಗಳು ಬದಲಾಗುತ್ತಲೇ ಬಂದರು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಹೋಯಿತು. ಆ ಪ್ರಾಂತದ ಶಾಲೆಬಾಗಿಲು ಎಂಥದ್ದೆಂದರೆ, 1856ರಲ್ಲಿ ಧಾರವಾಡದ ಮಹಾರ್ ಹುಡುಗನೊಬ್ಬ ಫೀ ಕೊಡುತ್ತೇನೆಂದರೂ ಸರ್ಕಾರಿ ಶಾಲೆ ಸೇರಿಸಿಕೊಳ್ಳಲಿಲ್ಲ. 1923ರ ಕಾಯಿದೆ ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಬೋರ್ಡುಗಳ ಕೈಗಿತ್ತಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು.

ಹೊರಗೆ ನಿಂತಿದ್ದ ಜಾತಿಯವರು ಒಳಗೆ ಹೋಗಿ, ಕಲಿತು, ಮೀಸಲಾತಿಯಲ್ಲಿ ಮಾಸ್ತರರು, ಅಕ್ಕೋರು ಆದರು. ಕೂಲಿ ಬಿಟ್ಟು ಬೇರೆ ಕಾಣದ ಎಷ್ಟೋ ಮನೆಗಳಿಗೆ ತಿಂಗಳ ಸಂಬಳ ಅಂತ ಬಂದದ್ದೇ ಈ ಹುದ್ದೆಯಿಂದ. ಸಂಬಳವೊಂದೇ ಅಲ್ಲ, ಪಿಂಚಣಿಯೂ.

2006ರ ಏಪ್ರಿಲಿನಿಂದ ಸೇರಿದವರಿಗೆ ಆ ಹಳೇ ಪಿಂಚಣಿ ಹೋಯಿತು. ಖಾಲಿ ಬಿದ್ದ ಹುದ್ದೆಗಳಿಗೆ ಅತಿಥಿ ಶಿಕ್ಷಕರು ಬಂದರು. ಅತಿಥಿಯಂತೆ! ಮನೆಗೆ ಬಂದ ಅತಿಥಿಗೆ ನಾವು ಚಾಪೆ ಹಾಸುತ್ತೇವೆ, ನೀರು ಕೊಡುತ್ತೇವೆ, ಕೆಲಸ ಹೇಳುವುದಿಲ್ಲ. 2022ರಲ್ಲಿ ಪ್ರಾಥಮಿಕ ಶಾಲೆಯ ಅತಿಥಿಗೆ ಗೌರವಧನ 7,500ರಿಂದ 10,000 ರೂಪಾಯಿಗೆ ಏರಿತು. 2024ರ ಆಗಸ್ಟಿನಲ್ಲಿ ಏಳನೇ ವೇತನ ಆಯೋಗದ ಶಿಫಾರಸಿನಂತೆ ಕಾಯಂ ನೌಕರರ ಕನಿಷ್ಠ ಮೂಲವೇತನ 17,000ದಿಂದ 27,000 ಆಯಿತು. ಅದು ಕಟ್ಟಕಡೆಯ ದರ್ಜೆಯವರದು. ಮಾಸ್ತರರದು ಅದಕ್ಕೂ ಮೇಲೆ. ಹಲಗೆ ಒಂದೇ, ಮಕ್ಕಳು ಅವರೇ. ಬೇಸಗೆ ರಜೆ ಬಂತೋ, ಅತಿಥಿಯ ಲೆಕ್ಕ ಚುಕ್ತಾ. ಶಾಲೆ ತೆರೆದರೆ ಮತ್ತೆ ಹೊಸದಾಗಿ ಅರ್ಜಿ.