ಕೆಂಪು ಕುಲಾವಿಯ ಹುಡುಗಿ: ಗೊಂಬೆ ಒಂದು, ಮುಕ್ತಾಯ ಮೂರು



ಪಾಶ್ಚಾತ್ಯ ಮಕ್ಕಳ ಬಟ್ಟೆಗೊಂಬೆಗಳಲ್ಲಿ ಒಂದನ್ನು ತಾವು ಕಂಡಿರಬಹುದು. ನೆಟ್ಟಗೆ ಹಿಡಿದರೆ ಕೆಂಪು ಕುಲಾವಿಯ ಹುಡುಗಿ. ಲಂಗ ಮಗುಚಿ ತಲೆಕೆಳಗು ಮಾಡಿದರೆ ಅಜ್ಜಿ. ಅಜ್ಜಿಯ ತಲೆಯ ಹಿಂಬದಿಯಲ್ಲಿ ತೋಳದ ಮುಖ.

ಈ ಕಥೆಗೆ ಒಂದೇ ಮುಕ್ತಾಯವಿಲ್ಲ. 1697ರಲ್ಲಿ ಪ್ಯಾರಿಸಿನಲ್ಲಿ ಶಾರ್ಲ್ ಪೆರೊ ಪ್ರಕಟಿಸಿದ ಕಥೆಯಲ್ಲಿ ತೋಳ ಹುಡುಗಿಯನ್ನು ತಿಂದುಬಿಡುತ್ತದೆ; ಅಪರಿಚಿತರ ಮಾತಿಗೆ ಮರುಳಾಗದಿರಿ ಎಂಬುದು ಅದರ ನೀತಿ. 1812ರಲ್ಲಿ ಜರ್ಮನಿಯ ಗ್ರಿಮ್ ಸೋದರರು ಪ್ರಕಟಿಸಿದ ರೂಪದಲ್ಲಿ ಬೇಟೆಗಾರನೊಬ್ಬನು ಕತ್ತರಿಯಿಂದ ತೋಳದ ಹೊಟ್ಟೆಯನ್ನು ಸೀಳಿ ಅಜ್ಜಿ ಮೊಮ್ಮಗಳಿಬ್ಬರನ್ನೂ ಜೀವಸಹಿತ ಹೊರತೆಗೆಯುತ್ತಾನೆ. ವೈದ್ಯನ ಕಣ್ಣಿಗೆ ಇದು ಅಸಾಧ್ಯವಾದ ಶಸ್ತ್ರಚಿಕಿತ್ಸೆ. ಮಗುವಿಗೆ ಅದೇ ಸಮಾಧಾನ. 19ನೆಯ ಶತಮಾನದಲ್ಲಿ ಫ್ರಾನ್ಸಿನ ಹಳ್ಳಿಗರ ಬಾಯಿಂದ ಬರೆದುಕೊಂಡ ಕೆಲವು ಕಥನಗಳಲ್ಲಾದರೋ ಹುಡುಗಿ ತನ್ನ ಜಾಣ್ಮೆಯಿಂದಲೇ ಪಾರಾಗುತ್ತಾಳೆ.

ಈ ಮೂರು ಮುಖದ ಗೊಂಬೆಯಲ್ಲಿ ಬೇಟೆಗಾರನಿಲ್ಲವೆಂಬುದನ್ನು ಗಮನಿಸಬೇಕು. ಹುಡುಗಿ ಉಳಿಯುವಳೇ, ಉಳಿದರೆ ಹೇಗೆ ಎಂಬುದನ್ನು ಅದು ಆಡುವ ಮಗುವಿನ ಕೈಗೇ ಬಿಟ್ಟಿದೆ. ಆದ್ದರಿಂದ ಗೊಂಬೆ ಕೊಂಡುಕೊಟ್ಟರಷ್ಟೇ ಸಾಲದು. ನಮ್ಮ ಮಕ್ಕಳಿಗೆ ಮೂರು ಮುಕ್ತಾಯಗಳನ್ನೂ ಹೇಳೋಣ. ಅವರು ಕಟ್ಟುವ ನಾಲ್ಕನೆಯದನ್ನು ಕನ್ನಡದಲ್ಲಿಯೇ ಕೇಳೋಣ.