ಮನೆಯ ರೂಟರಿನ ಕ್ಯೂಸೆಕ್, ಟಿಎಂಸಿ

ಕಾವೇರಿಯ ಸುದ್ದಿ ಓದುವ ನಮ್ಮ ಪಾಲಹಳ್ಳಿ ಕಡೆಯವರಿಗೆ ಕ್ಯೂಸೆಕ್ ಬೇರೆ, ಟಿಎಂಸಿ ಬೇರೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲನೆಯದು ಸೆಕೆಂಡಿಗೆ ಇಷ್ಟೆಂದು ಹರಿಯುವ ನೀರು. ಎರಡನೆಯದು ಹರಿದು ಸೇರಿದ ಒಟ್ಟು ನೀರು. 11,574 ಕ್ಯೂಸೆಕ್ ನೀರು ಒಂದು ಹಗಲು, ಒಂದು ರಾತ್ರಿ ಹರಿದರೆ ಒಂದು ಟಿಎಂಸಿ. ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ, "ಸಾರ್, ನಮ್ಮನೆ ಇಂಟರ್‌ನೆಟ್ ವೇಗ ನೂರು ಅಂತಾರೆ, ತಿಂಗಳ ಕೊನೆಗೆ ಮಾತ್ರ ಆಮೆ ನಡಿಗೆ, ಯಾಕೆ?" ಎಂದು ಕೇಳಿದಾಗ ನಾನು ಈ ಲೆಕ್ಕದಿಂದಲೇ ಉತ್ತರ ಹೇಳಿದೆ.

1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ಆ ಡಯಲ್‌ಅಪ್ ಕಾಲದಲ್ಲಿ ಲೆಕ್ಕವೆಲ್ಲ ಗಂಟೆಯದು. ಗೋಡೆಯ ಗಡಿಯಾರ ನೋಡಿಕೊಂಡರೆ ಸಾಕಾಗಿತ್ತು. 2004ರ ಬ್ರಾಡ್‌ಬ್ಯಾಂಡ್ ನೀತಿಯು ಕನಿಷ್ಠ ವೇಗವನ್ನು 256 ಕಿಲೋಬಿಟ್ ಎಂದು ಗೊತ್ತುಮಾಡಿತು. 2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್.ನ ಡೇಟಾಒನ್ ಬಂದಮೇಲೆ ಗಡಿಯಾರದ ಜಾಗಕ್ಕೆ ತೂಕ ಬಂದಿತು. ತಿಂಗಳಿಗೆ 1 ಜಿಬಿ ಎಂಬಂಥ ಮಿತಿ. ಮೀರಿದರೆ ಎಂಬಿಗೆ ಇಷ್ಟೆಂದು ಹೆಚ್ಚುವರಿ ಹಣ. ಎಂಟು ಬಿಟ್ಟಿಗೆ ಒಂದು ಬೈಟು. ಹಾಗಾಗಿ 256 ಕಿಲೋಬಿಟ್‌ನ ಆ ಸಣ್ಣ ತೂಬು ಪೂರ್ತಿ ತೆರೆದಿದ್ದರೂ 1 ಜಿಬಿ ಖಾಲಿಯಾಗಲು ಸುಮಾರು ಎಂಟೂಮುಕ್ಕಾಲು ಗಂಟೆ ಸಾಕು! ಉಳಿದ ಇಪ್ಪತ್ತೊಂಬತ್ತು ದಿನ ಮನೆಯ ಯಜಮಾನನ ಎದೆ ಡವಡವ.

ಹೋಮ್ 500 ಯೋಜನೆಯಲ್ಲಿ ಬೆಳಗಿನ ಜಾವ 2ರಿಂದ 8ರವರೆಗೆ ಎಷ್ಟು ಬಳಸಿದರೂ ಲೆಕ್ಕಕ್ಕಿಲ್ಲವೆಂಬ ರಿಯಾಯಿತಿ ಇತ್ತು. ನಮ್ಮ ಸೀಮೆಯ ರೈತ ನೀರಿನ ಸರದಿಗಾಗಿ ಅಪರಾತ್ರಿಯಲ್ಲಿ ಎದ್ದು ಗದ್ದೆಗೆ ಹೋಗುವುದುಂಟು. ಅವನ ಮಗ ಅದೇ ಹೊತ್ತಿಗೆ ಅಲಾರಾಂ ಇಟ್ಟು ಕಂಪ್ಯೂಟರ್ ಹಚ್ಚುವಂತಾಯಿತು.

ಹರಿವನ್ನು ಅಳೆಯುವ ವಿದ್ಯೆ ಮಾತ್ರ ಇದಕ್ಕಿಂತ ಹಿಂದಿನದು. 1994ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿದ್ದ ಟೋಬಿಯಾಸ್ ಊಟಿಕರ್ ಅವರ ಮುಂದೆ ಸಾವಿರಕ್ಕೂ ಹೆಚ್ಚು ಕಂಪ್ಯೂಟರುಗಳಿದ್ದವು. ಅವೆಲ್ಲಕ್ಕೂ ಹೊರಗಿನಿಂದ ಬರುತ್ತಿದ್ದುದು 64 ಕಿಲೋಬಿಟ್‌ನ ಒಂದೇ ತಂತಿ. ಆ ತಂತಿಯ ಸ್ಥಿತಿ ಎಲ್ಲರಿಗೂ ಕಾಣಲೆಂದು ಅವರು ಎಂ.ಆರ್.ಟಿ.ಜಿ. ಎಂಬ ತಂತ್ರಾಂಶ ಬರೆದರು. ಅದು ಐದೈದು ನಿಮಿಷಕ್ಕೆ ರೂಟರಿನ ಎಣಿಕೆಯನ್ನು ಓದಿ, ಹಿಂದಿನ ಎಣಿಕೆಯನ್ನು ಅದರಿಂದ ಕಳೆದು, ನಕ್ಷೆ ಬಿಡಿಸುತ್ತದೆ. ಐದನೆಯ ತರಗತಿಯ ವ್ಯವಕಲನ, ಅಷ್ಟೆ.

ಆ ಎಣಿಕೆ ನಮ್ಮ ಮನೆಯ ರೂಟರಿನಲ್ಲಿಯೂ ಉಂಟು. ಬ್ರೌಸರಿನಲ್ಲಿ 192.168.1.1 ಎಂಬ ವಿಳಾಸ ಬರೆದರೆ (ಕೆಲವು ರೂಟರುಗಳಲ್ಲಿ ವಿಳಾಸ ಬೇರೆ) ತೆರೆಯುವ ಪುಟಗಳಲ್ಲಿ ಬಂದ ಬೈಟುಗಳು, ಹೋದ ಬೈಟುಗಳು ಎಂದು ಎರಡು ಅಂಕಿ ಸಾಮಾನ್ಯವಾಗಿ ಇರುತ್ತವೆ. ಕೂಡಿದರೆ ಒಟ್ಟು. ಆದರೆ ಹಳ್ಳಿಯಲ್ಲಿ ಇದಕ್ಕೊಂದು ಶತ್ರು: ಕರೆಂಟು. ಹೋಗಿ ಬಂದರೆ ಬಹುತೇಕ ರೂಟರುಗಳಲ್ಲಿ ಎಣಿಕೆ ಸೊನ್ನೆಗೆ ಇಳಿಯುತ್ತದೆ. ಹಳೆಯ ಯಂತ್ರಗಳಲ್ಲಿ ಇನ್ನೊಂದು ತೊಡಕು. 32 ಬಿಟ್‌ನ ಎಣಿಕೆ 4,29,49,67,295 ಮುಟ್ಟಿದೊಡನೆ, ಅಂದರೆ ಸುಮಾರು 4.3 ಜಿಬಿಗೆ, ಸ್ಕೂಟರಿನ ಮೀಟರಿನಂತೆ ಸುತ್ತಿ ಮತ್ತೆ ಸೊನ್ನೆಯಿಂದ ಹೊರಡುತ್ತದೆ. ಆದ್ದರಿಂದ ದಿನವೂ ಓದಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡವನ ಲೆಕ್ಕಕ್ಕೇ ಬೆಲೆ.

ಇದು ಹಣದ ಮಾತಷ್ಟೇ ಅಲ್ಲವೆಂದು ನನ್ನ ಅಭಿಪ್ರಾಯ. 2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕ ತಮಿಳುನಾಡಿಗೆ ಬಿಡಬೇಕಾದ ನೀರನ್ನು 177.25 ಟಿಎಂಸಿ ಎಂದಾಗ, ಅದನ್ನು ಅಳೆಯುವ ಜಾಗ ಬಿಳಿಗುಂಡ್ಲು. ಅಲ್ಲಿ ಅಳೆಯುವುದು ಕೇಂದ್ರ ಜಲ ಆಯೋಗ, ಎರಡು ರಾಜ್ಯಗಳಲ್ಲಿ ಯಾವುದೂ ಅಲ್ಲ. ಮನೆಯ ಇಂಟರ್‌ನೆಟ್ಟಿನಲ್ಲಾದರೋ ಕೊಡುವವನೇ ಅಳೆಯುವವನು, ಬಿಲ್ಲು ಬರೆಯುವವನೂ ಅವನೇ. ನಮ್ಮ ರೂಟರಿನ ಅಂಕಿ ಅವನ ಅಂಕಿಗೆ ಅಕ್ಷರಶಃ ಹೊಂದದಿರಬಹುದು. ಆದರೆ ಎರಡರಷ್ಟು ವ್ಯತ್ಯಾಸ ಕಂಡರೆ ಕೇಳಲು ನಮ್ಮ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.

ಈಗಿನ ಹಲವು ಫೈಬರ್ ಯೋಜನೆಗಳನ್ನು ಅನಿಯಮಿತ ಎನ್ನುತ್ತಾರೆ; ಸಣ್ಣಕ್ಷರದಲ್ಲಿ ತಿಂಗಳಿಗೆ 3,300 ಜಿಬಿ ಎಂದಿರುತ್ತದೆ. ದಾಟಿದರೆ ಹಣ ಏರುವುದಿಲ್ಲ, ವೇಗ ಇಳಿಯುತ್ತದೆ. 100 ಮೆಗಾಬಿಟ್ ವೇಗದಲ್ಲಿ ಬಿಡದೆ ಹರಿಸಿದರೆ ಅಷ್ಟನ್ನು ಮುಗಿಸಲು 73 ಗಂಟೆ, ಮೂರು ದಿನದ ಮೇಲೆ ಒಂದು ಗಂಟೆ ಚಿಲ್ಲರೆ. ಸಾಧಾರಣ ಸಂಸಾರಕ್ಕೆ ಇದು ಧಾರಾಳ. ನನ್ನ ಶಿಷ್ಯನ ಯೋಜನೆಯ ಮಿತಿ ಅದಕ್ಕಿಂತ ಬಹಳ ಕಡಿಮೆಯಂತೆ; ಮನೆಯಲ್ಲಿ ಎರಡು ಟಿವಿ, ಐದು ಫೋನು. ಒಂದನೆಯ ತಾರೀಖಿನಿಂದ ದಿನಾ ರಾತ್ರಿ ಅಂಕಿ ಬರೆದಿಡಲು ಹೇಳಿದ್ದೇನೆ.